ಚೆಕ್ ಮೇಲೆ ಚೆಕ್ ಕೊಟ್ರೆ ಡ್ರಾ ಹೆಂಗಾಗುತ್ತೆ? ಆನೆ ಜಾಸ್ತಿ ಇದ್ರೂ ಅರ್ಧ ಪಾಯಿಂಟ್ ಹೋಗಿದ್ದು ಯಾಕೆ?

ಪ್ರಶ್ನೆ: ಸರ್, ನಾವು ಚಿತ್ರದುರ್ಗದೋರು. ಮಗನ್ನ ದಾವಣಗೆರೆಗೆ ಒಂದು ಚೆಸ್ ಟೂರ್ನಮೆಂಟಿಗೆ ಕರ್ಕೊಂಡು ಬಂದಿದ್ದೆ. ಒಂದು ರೌಂಡಲ್ಲಿ ಅವ್ನು ಕಪ್ಪು, ಪೂರ್ತಿ ಒಂದು ಆನೆ ಜಾಸ್ತಿ ಇತ್ತು. ಎದುರಿನ ಹುಡುಗ ಬರೀ ಕ್ವೀನಲ್ಲಿ ಚೆಕ್ ಕೊಡ್ತಾ ಹೋದ, ಆಮೇಲೆ ಕೈ ಎತ್ತಿ ಆರ್ಬಿಟರ್ನ (ಅಂಪೈರ್) ಕರೆದ, ಅವ್ರು ನಡೆ ಬರ್ಕೊಳ್ಳೋ ಶೀಟ್ ನೋಡಿ ಡ್ರಾ ಅಂದ್ರು. ಮೂರು ಚೆಕ್ ಆದ್ರೆ ಡ್ರಾ ಅಂತ ಕೆಲವ್ರು ಹೇಳ್ತಾರೆ, ಹಂಗೊಂದು ರೂಲೇ ಇಲ್ಲ ಅಂತ ಇನ್ನು ಕೆಲವ್ರು. ನಮ್ಮ ಹುಡುಗ ಒಂದ್ಸಲ ಎಚ್8ಕ್ಕೆ ಹೋಗಿದಾನೆ, ಇನ್ನೊಂದ್ಸಲ ಎಫ್8ಕ್ಕೆ ಹೋಗಿದಾನೆ, ಒಂದೇ ತರ ಆಡೇ ಇಲ್ಲ. ಮತ್ತೆ ರಿಪೀಟ್ ಹೆಂಗಾಯ್ತು? ಸೋಲೋನು ಹಿಂಗೆ ತಪ್ಪಿಸ್ಕೊಳ್ಳೋದು ನ್ಯಾಯಾನಾ? ಶೀಟಿನ ಫೋಟೋ ಕಳ್ಸಿದೀನಿ.

ಉತ್ತರ: ಮೊದ್ಲೇ ಹೇಳ್ಬಿಡ್ತೀನಿ, ಶೀಟ್ ನೋಡಿದೆ, ಆರ್ಬಿಟರ್ ಮಾಡಿದ್ದು ಸರಿಯಾಗೇ ಇದೆ. ಅಪೀಲ್ ಗಿಪೀಲ್ ಅಂತ ಹೋಗ್ಬೇಡಿ. ಆದ್ರೆ ನಿಮಗೆ ಎರಡೂ ಕಡೆಯೋರು ಹೇಳಿದ್ದು ಅರ್ಧರ್ಧ ತಪ್ಪು, ಅದಕ್ಕೆ ಸ್ವಲ್ಪ ಉದ್ದ ಬರೀತಿದೀನಿ, ಟೈಮ್ ಮಾಡ್ಕೊಂಡು ಬೋರ್ಡ್ ಮುಂದೆ ಇಟ್ಕೊಂಡು ಓದಿ.

ಮೂರು ಚೆಕ್ ಕೊಟ್ರೆ ಡ್ರಾ ಅನ್ನೋದು ನಮ್ಮ ಕಡೆ ಎಷ್ಟು ಗಟ್ಟಿಯಾಗಿ ಕೂತಿದೆ ಅಂದ್ರೆ ದಾವಣಗೆರೆಲಿ ಮಂಡಕ್ಕಿ ಮಿರ್ಚಿ ತಿಂತಾ ಬೋರ್ಡ್ ಸುತ್ತ ನಿಂತ್ಕೊಂಡು ನೋಡೋ ಹಿರಿಯರಿಂದ ಹಿಡಿದು ಕೋಚಿಂಗಿಗೆ ಬರೋ ಮಕ್ಕಳ ತನಕ ಎಲ್ರೂ ಒಂದು ಎರಡು ಮೂರು ಅಂತ ಚೆಕ್ ಎಣಿಸ್ತಾರೆ. ಚೆಸ್ಸಲ್ಲಿ ಚೆಕ್ ಎಣಿಸೋ ರೂಲೇ ಇಲ್ಲ. ಬೇಕಾದ್ರೆ ಇಪ್ಪತ್ತು ಚೆಕ್ ಕೊಟ್ಟು ಇಪ್ಪತ್ತೊಂದನೇದ್ರಲ್ಲಿ ಮೇಟ್ ಮಾಡ್ಬಹುದು, ಯಾರೂ ಕೇಳಲ್ಲ. ಎಣಿಸ್ಬೇಕಾಗಿರೋದು ಪೊಸಿಷನ್ನ. ಅದೇ ಪೊಸಿಷನ್ ಮೂರನೇ ಸಲ ಬಂತು, ಪ್ರತಿ ಸಲಾನೂ ಆಡೋ ಸರದಿ ಅದೇ ಕಡೆಯವ್ರದ್ದೇ ಇತ್ತು, ಕ್ಯಾಸ್ಲಿಂಗ್ (ರಾಜ ಆನೆ ಒಟ್ಟಿಗೆ ಆಡೋ ನಡೆ) ಮತ್ತೆ ಆನ್‌ಪಾಸಾನ್ (ಪಕ್ಕಕ್ಕೆ ಎರಡು ಮನೆ ಹಾರಿ ಬಂದ ಪಾನ್ ತಿನ್ನೋದು) ಹಕ್ಕುಗಳೂ ಅಷ್ಟೇ ಇದ್ವು ಅಂದ್ರೆ ಅದು ಥ್ರೀಫೋಲ್ಡ್ ರಿಪಿಟೇಷನ್, ಆಗ ಡ್ರಾ ಕೇಳ್ಬಹುದು. ನಡುವೆ ಏನು ಆಡಿದ್ರಿ, ಸಾಲಾಗಿ ಬಂತೋ ಬಿಟ್ಟು ಬಿಟ್ಟು ಬಂತೋ, ಅದು ಲೆಕ್ಕಕ್ಕಿಲ್ಲ. ಚೆಕ್ ಇರ್ಲೇಬೇಕು ಅಂತಾನೂ ಇಲ್ಲ.

ಪರ್ಪೆಚುಯಲ್ ಚೆಕ್, ಅಂದ್ರೆ ನಿಲ್ಲದೆ ಚೆಕ್ ಮೇಲೆ ಚೆಕ್ ಕೊಡ್ತಾನೇ ಇರೋದು, ಹಳೇ ರೂಲ್ ಪುಸ್ತಕಗಳಲ್ಲಿ ಬೇರೆ ಕಲಮ್ಮಾಗೇ ಇತ್ತು. ಈಗಿನ ಫಿಡೆ (ವಿಶ್ವ ಚೆಸ್ ಸಂಸ್ಥೆ) ರೂಲಲ್ಲಿ ಅದಕ್ಕೆ ಪ್ರತ್ಯೇಕ ಜಾಗ ಇಲ್ಲ, ಯಾಕಂದ್ರೆ ಬೇಕಾಗೇ ಇಲ್ಲ. ಚೆಕ್ ನಿಲ್ಸೋಕಾಗ್ದಿದ್ರೆ ರಾಜನಿಗೆ ಓಡಾಡೋಕೆ ಇರೋದು ನಾಲ್ಕೈದು ಮನೆ, ಕ್ವೀನಿಗೆ ನಿಲ್ಲೋಕೆ ಇನ್ನು ಮೂರ್ನಾಲ್ಕು ಮನೆ, ಇಷ್ಟರೊಳಗೇ ಸುತ್ತಿದ್ರೆ ಇವತ್ತಲ್ಲ ನಾಳೆ ಅದೇ ಚಿತ್ರ ಮೂರನೇ ಸಲ ಬಂದೇ ಬರುತ್ತೆ. ಹಂಗೂ ಬರ್ಲಿಲ್ಲ ಅಂದ್ರೆ ಎರಡೂ ಕಡೆ 50-50 ನಡೆ ಪಾನ್ (ಪದಾತಿ) ಮುಟ್ಟದೆ, ಏನೂ ತಿನ್ನದೆ ಕಳೆದ್ರೆ ಆಗ್ಲೂ ಡ್ರಾ ಕೇಳ್ಬಹುದು. ಅದಕ್ಕೇ ಇಬ್ಬರು ಒಳ್ಳೆ ಆಟಗಾರರು ಇದ್ದಾಗ ಮೂರನೇ ಸಲಕ್ಕೆ ಕಾಯೋದೂ ಇಲ್ಲ, ಎರಡು ಚೆಕ್ ಆದ್ಮೇಲೆ ಮುಖ ಮುಖ ನೋಡ್ಕೊಂಡು ಕೈ ಕುಲುಕಿ ಎದ್ದು ಚಾಕ್ಕೆ ಹೋಗ್ತಾರೆ.

ಈಗ ನಿಮ್ಮ ಹುಡುಗನ ಆಟಕ್ಕೆ ಬರೋಣ. ಬೋರ್ಡ್ ಜೋಡ್ಸಿ, ಬಿಳಿ ಕಡೆಯಿಂದ ನೋಡಿದ್ರೆ ಎಡದಿಂದ ಬಲಕ್ಕೆ ಎ ಇಂದ ಎಚ್, ಕೆಳಗಿಂದ ಮೇಲಕ್ಕೆ 1ರಿಂದ 8. ಕಪ್ಪು ರಾಜ ಜಿ8, ಪಾನ್ ಎಫ್7 ಮತ್ತೆ ಎಚ್7, ಜಿ ಪಾನ್ ಯಾವತ್ತೋ ಹೋಗಿದೆ. ಕಪ್ಪು ಕ್ವೀನ್ ಡಿ6, ಆನೆ ಎ2. ಬಿಳಿದು ರಾಜ ಜಿ1, ಪಾನ್ ಎಫ್2 ಜಿ2 ಎಚ್2, ಎ3ರಲ್ಲಿ ಒಂಟಿ ಪಾನ್, ಕ್ವೀನ್ ಸಿ1. ಆಡೋದು ಕಪ್ಪು. ಇಲ್ಲಿ ಹುಡುಗ ಕ್ವೀನಿಂದ ಎ3 ಪಾನ್ ತಿಂದ. ಯಾಕೆ ತಿಂದ ಅಂತ ಅರ್ಥ ಆಗುತ್ತೆ, ಪಾನೂ ಸಿಕ್ತು, ಸಿ1ರ ಕ್ವೀನ್ ಮೇಲೂ ಬಿತ್ತು, ಒಂದೇ ಏಟಿಗೆ ಎರಡು ಲಾಭ ಅನ್ಸುತ್ತೆ, ಆ ವಯಸ್ಸಲ್ಲಿ ಯಾರಿಗಾದ್ರೂ ಕೈ ತಡಿಯಲ್ಲ. ಆಟ ಕೈ ಬಿಟ್ಟಿದ್ದು ಇಲ್ಲೇ, ಆಮೇಲಿನ ಚೆಕ್ಕುಗಳಲ್ಲಲ್ಲ.

ಬಿಳಿ ಕ್ವೀನ್ ಜಿ5, ಚೆಕ್. ಈಗ ಕಪ್ಪಿಗೆ ಅಡ್ಡ ಹಾಕೋಕೆ ಏನಿದೆ ನೋಡಿ. ಜಿ6ಕ್ಕೋ ಜಿ7ಕ್ಕೋ ಏನಾದ್ರೂ ಬರ್ಬೇಕು, ಎ3ರಲ್ಲಿರೋ ಕ್ವೀನ್ ಎರಡಕ್ಕೂ ಬರಲ್ಲ, ಎ2ರ ಆನೆನೂ ಬರಲ್ಲ. ರಾಜಾನೇ ಓಡ್ಬೇಕು, ಎಚ್8 ಇಲ್ಲ ಎಫ್8. ಎಚ್8ಕ್ಕೆ ಹೋದ್ರೆ ಕ್ವೀನ್ ಎಫ್6 ಚೆಕ್, ರಾಜ ವಾಪಸ್ ಜಿ8ಕ್ಕೆ ಬರ್ಲೇಬೇಕು, ಮತ್ತೆ ಕ್ವೀನ್ ಜಿ5. ಎಫ್8ಕ್ಕೆ ಹೋದ್ರೆ ಕ್ವೀನ್ ಡಿ8 ಚೆಕ್, ಇರೋದು ಒಂದೇ ಮನೆ ಜಿ7, ಅಲ್ಲಿಗೆ ಹೋದ್ರೆ ಮತ್ತೆ ಕ್ವೀನ್ ಜಿ5. ಎಲ್ಲಿ ಹೋದ್ರೂ ಜಿ5ರಿಂದ ಬಿಡುಗಡೆ ಇಲ್ಲ. ಆ ಹೋಗಿರೋ ಜಿ ಪಾನ್ ಇದೆಯಲ್ಲ, ಕೋಟೆ ಊರಿನೋರು ನಿಮಗೆ ನಾನು ಹೇಳ್ಬೇಕಾ, ಸುತ್ತು ಏಳಿದ್ರೂ ಒಳಗೆ ಬರೋನಿಗೆ ಒಂದು ಕಿಂಡಿ ಸಾಕು.

ಎದುರಿನ ಹುಡುಗ ಸುಮ್ನೆ ಚೆಕ್ ಕೊಡ್ತಾ ಹೋದ ಅಂತ ಬರ್ದಿದೀರಲ್ಲ, ಅದನ್ನ ನಾನು ಒಪ್ಪಲ್ಲ, ಯಾಕೆ ಅಂತ ಹೇಳ್ತೀನಿ. ಮೊದಲ ಚೆಕ್ಕಿಗೆ ಅವ್ನ ಮುಂದೆ ಎರಡು ದಾರಿ ಇತ್ತು, ಜಿ5 ಮತ್ತೆ ಸಿ8. ನೋಡೋಕೆ ಸಿ8 ಇನ್ನೂ ಜೋರಾಗಿ ಕಾಣುತ್ತೆ, ರಾಜನ ಸಾಲಿಗೇ ನುಗ್ಗಿದಂಗೆ. ಆದ್ರೆ ಸಿ8ಕ್ಕೆ ಹೋಗಿದ್ರೆ ಕಪ್ಪು ಕ್ವೀನ್ ಎ3ರಿಂದ ಓರೆಯಾಗಿ ಜಾರಿ ಎಫ್8ಕ್ಕೆ ಬಂದು ಅಡ್ಡ ಕೂತ್ಕೊಳ್ತಿತ್ತು. ಆಮೇಲೆ ಜಿ4 ಚೆಕ್ ಕೊಟ್ರೆ ರಾಜ ಎಚ್8ಕ್ಕೆ, ಡಿ4 ಚೆಕ್ ಕೊಟ್ರೆ ಎಫ್ ಪಾನ್ ಒಂದು ಮನೆ ಮುಂದೆ, ಅಷ್ಟೇ, ಚೆಕ್ ಮುಗೀತು, ಆನೆ ಕಮ್ಮಿ ಇರೋ ಬಿಳಿ ಸೋಲ್ತು. ಎರಡನೇ ಚೆಕ್ಕಲ್ಲೂ ಹಂಗೇ. ರಾಜ ಎಫ್8ರಲ್ಲಿದ್ರೆ ಮಾತ್ರ ಡಿ8 ಸರಿ, ಎಚ್8ರಲ್ಲಿದ್ದಾಗ ಡಿ8 ಚೆಕ್ ಕೊಟ್ರೆ ಮತ್ತೆ ಅದೇ ಕ್ವೀನ್ ಎಫ್8ಕ್ಕೆ ಬಂದು ತಡಿಯುತ್ತೆ, ಅಲ್ಲಿ ಎಫ್6ಏ ಬೇಕು. ಶೀಟಲ್ಲಿ ಆ ಹುಡುಗ ಒಂದು ಸಲಾನೂ ತಪ್ಪು ಮನೆಗೆ ಹೋಗಿಲ್ಲ. ಕೈಗೆ ಬಂದ ಚೆಕ್ ಕೊಟ್ಟಿದ್ರೆ ಸೋತಿರ್ತಿದ್ದ. ಎಲ್ಲಿ ಅಡ್ಡ ಬರ್ಬಹುದು ಅಂತ ಪ್ರತಿ ಸಲ ನೋಡ್ಕೊಂಡು ಆಡಿದಾನೆ, ಆ ಅರ್ಧ ಪಾಯಿಂಟ್ ಅವ್ನು ದುಡಿದು ತಗೊಂಡಿದ್ದು.

ಇನ್ನು ಒಂದೇ ತರ ಆಡೇ ಇಲ್ಲ ಅನ್ನೋ ನಿಮ್ಮ ಮುಖ್ಯ ಪ್ರಶ್ನೆ. ಶೀಟಲ್ಲಿ ಇರೋದು ಹಿಂಗೆ. ಒಂದನೇ ಚೆಕ್ ಕ್ವೀನ್ ಜಿ5, ರಾಜ ಜಿ8ರಿಂದ ಎಚ್8. ಎರಡು, ಕ್ವೀನ್ ಎಫ್6, ರಾಜ ಜಿ8. ಮೂರು, ಕ್ವೀನ್ ಜಿ5, ಈ ಸಲ ರಾಜ ಎಫ್8. ನಾಲ್ಕು, ಕ್ವೀನ್ ಡಿ8, ರಾಜ ಜಿ7. ಐದು, ಕ್ವೀನ್ ಜಿ5, ರಾಜ ಎಚ್8. ಆರು, ಕ್ವೀನ್ ಎಫ್6, ರಾಜ ಜಿ8. ಏಳನೇದು ಕ್ವೀನ್ ಜಿ5 ಅಂತ ಶೀಟಲ್ಲಿ ಬರ್ದು, ಆಡದೆ, ಕೈ ಎತ್ತಿದಾನೆ. ಈಗ ಎಣಿಸಿ. ಬಿಳಿ ಕ್ವೀನ್ ಜಿ5, ಕಪ್ಪು ರಾಜ ಜಿ8, ಆಡೋದು ಕಪ್ಪು. ಈ ಚಿತ್ರ ಒಂದನೇ ಚೆಕ್ಕಲ್ಲಿ ಬಂತು, ಮೂರನೇದ್ರಲ್ಲಿ ಬಂತು, ಏಳನೇದು ಆಡಿದ್ರೆ ಮತ್ತೆ ಬರುತ್ತೆ. ಮೂರು. ಐದನೇದ್ರಲ್ಲೂ ಕ್ವೀನ್ ಜಿ5ರಲ್ಲೇ ಇತ್ತು ಆದ್ರೆ ರಾಜ ಜಿ7ರಲ್ಲಿತ್ತು, ಹಂಗಾಗಿ ಅದು ಲೆಕ್ಕಕ್ಕೆ ಬರಲ್ಲ, ಮತ್ತೆ ಅವ್ನು ಅದನ್ನ ಲೆಕ್ಕಕ್ಕೆ ತಗೊಂಡೂ ಇಲ್ಲ. ನಿಮ್ಮ ಹುಡುಗ ನಡುವೆ ಎಫ್8 ಕಡೆ ಒಂದು ಸುತ್ತು ಹೋಗಿದ್ದು ಬುದ್ಧಿವಂತಿಕೆನೇ, ಎದುರಿನೋನು ಗಾಬರಿಯಾಗಿ ತಪ್ಪು ಚೆಕ್ ಕೊಡ್ಲಿ ಅಂತ ಕಾಯೋದಕ್ಕೆ ಅದೊಂದೇ ದಾರಿ, ಆದ್ರೆ ಅದ್ರಿಂದ ಡ್ರಾ ಎರಡು ಚೆಕ್ ಮುಂದಕ್ಕೆ ಹೋಯ್ತೇ ಹೊರತು ತಪ್ಪಲಿಲ್ಲ. ಅಕಸ್ಮಾತ್ ಆ ಹುಡುಗ ಮೂರು ಚೆಕ್ ಆಯ್ತು ಅಂತ ಮೂರನೇ ಚೆಕ್ಕಿಗೇ ಕೈ ಎತ್ತಿದ್ರೆ ಕ್ಲೈಮ್ ತಪ್ಪಾಗಿ ನಿಮ್ಮ ಮಗನ ಗಡಿಯಾರಕ್ಕೆ ಎರಡು ನಿಮಿಷ ಸೇರಿ ಆಟ ಮುಂದುವರೀತಿತ್ತು.

ಕ್ಲೈಮ್ ಮಾಡೋ ರೀತಿ ಇದೆಯಲ್ಲ, ನಮ್ಮ ಮಕ್ಕಳು ಜಾಸ್ತಿ ಎಡವೋದು ಅಲ್ಲೇ. ಸರದಿ ಯಾರದ್ದೋ ಅವ್ರು ಮಾತ್ರ ಕೇಳ್ಬಹುದು. ಮೂರನೇ ಸಲ ತರೋ ನಡೆ ನಿಮ್ಮದೇ ಆದ್ರೆ ಅದನ್ನ ಆಡ್ಬಾರ್ದು, ಶೀಟಲ್ಲಿ ಬರೀಬೇಕು, ಗಡಿಯಾರ ನಿಲ್ಸಿ ಆರ್ಬಿಟರ್ನ ಕರೆದು ಈ ನಡೆ ಆಡ್ತೀನಿ, ಆಗ ಮೂರನೇ ಸಲ ಆಗುತ್ತೆ ಅನ್ನಬೇಕು. ಎದುರಿನೋರು ಆಡಿದ ನಡೆಯಿಂದ ಈಗಾಗ್ಲೇ ಮೂರನೇ ಸಲ ಬಂದಿದ್ರೆ ಏನೂ ಮುಟ್ಟದೆ ಹಂಗೇ ಕೇಳ್ಬೇಕು. ಕಾಯಿ ಮುಟ್ಟಿದ್ರೆ ಆ ನಡೆಗೆ ಹಕ್ಕು ಹೋಯ್ತು. ಜೋಶಲ್ಲಿ ಟಪ್ ಅಂತ ಕ್ವೀನ್ ಇಟ್ಟು ಗಡಿಯಾರ ಒತ್ತಿ ಆಮೇಲೆ ಡ್ರಾ ಡ್ರಾ ಅಂತ ಕೂಗೋ ಮಕ್ಕಳನ್ನ ಪ್ರತಿ ಟೂರ್ನಮೆಂಟಲ್ಲೂ ನೋಡ್ತೀನಿ, ಪಾಪ, ಅಷ್ಟೊತ್ತಿಗೆ ಸರದಿ ದಾಟಿರುತ್ತೆ. ಎದುರಿನೋನು ಒಪ್ಪಿದ್ರೆ ಸರಿ, ಇಲ್ಲಾಂದ್ರೆ ಮತ್ತೆ ಸುತ್ತು ಹಾಕ್ಬೇಕು. ಇನ್ನೊಂದು, ಆರ್ಬಿಟರ್ ಪಕ್ಕದಲ್ಲೇ ನಿಂತು ನೋಡ್ತಿದ್ರೂ ಮೂರನೇ ಸಲಕ್ಕೆ ಅವ್ರಾಗೇ ಬಾಯಿ ಹಾಕೋ ಹಂಗಿಲ್ಲ. ಐದು ಸಲ ಬಂದ್ರೆ ಮಾತ್ರ ಯಾರೂ ಕೇಳ್ದಿದ್ರೂ ಅವ್ರೇ ಡ್ರಾ ಅನ್ನಬೇಕು, ಪಾನ್ ಮುಟ್ಟದೆ ಏನೂ ತಿನ್ನದೆ 75-75 ನಡೆ ಕಳೆದ್ರೆ ಅನ್ನೋ ರೂಲೂ ಹಂಗೇ, ಇವೆರಡೂ 2014ರಿಂದ ಬಂದಿರೋದು. ರ‍್ಯಾಪಿಡ್ ಅಂದ್ರೆ ಕಮ್ಮಿ ಟೈಮಿನ ಆಟದಲ್ಲಿ ಶೀಟ್ ಬರೆಯೋದು ಕಡ್ಡಾಯ ಇಲ್ಲ, ಅಲ್ಲಿ ತೋರ್ಸೋಕೆ ಸಾಕ್ಷಿ ಇರಲ್ಲ, ಅದಕ್ಕೆ ಚೆಕ್ ಸುತ್ತು ಶುರು ಆಗ್ತಿದ್ದಂಗೇ ಆರ್ಬಿಟರ್ನ ಕರೆದು ಸರ್ ಸ್ವಲ್ಪ ನೋಡಿ ಅಂತ ಪಕ್ಕದಲ್ಲಿ ನಿಲ್ಸ್ಕೊಳ್ಳೋದು ಜಾಣತನ.

ಮೊಬೈಲಲ್ಲಿ ಆಡಿ ಬೆಳೆದ ಮಕ್ಕಳಿಗೆ ಇದು ಗೊತ್ತೇ ಇರಲ್ಲ. ಚೆಸ್ ಡಾಟ್ ಕಾಮಲ್ಲಿ ಮೂರನೇ ಸಲ ಬಂದ ತಕ್ಷಣ ಅದೇ ಡ್ರಾ ಮಾಡ್ಬಿಡುತ್ತೆ. ಲಿಚೆಸ್ಸಲ್ಲಿ ನೀವು ಕ್ಲೈಮ್ ಮಾಡ್ಬೇಕು, ಇಲ್ಲ ಸೆಟ್ಟಿಂಗಲ್ಲಿ ತಾನಾಗೇ ಆಗ್ಲಿ ಅಂತ ಇಟ್ಕೋಬೇಕು. ಬೋರ್ಡಲ್ಲಿ ನೀವೇ ಎಣಿಸ್ಬೇಕು.

ಎಣಿಸೋದು ದೊಡ್ಡೋರಿಗೂ ತಪ್ಪುತ್ತೆ ಅಂತ ನಿಮ್ಮ ಹುಡುಗನಿಗೆ ಹೇಳಿ. 1971ರಲ್ಲಿ ಬ್ಯೂನಸ್ ಐರಿಸಲ್ಲಿ ಫಿಷರ್ ಮತ್ತೆ ಪೆಟ್ರೋಸಿಯನ್ ಕ್ಯಾಂಡಿಡೇಟ್ಸ್ ಫೈನಲ್ ಆಡ್ತಿದ್ರು, ಅಂದ್ರೆ ವಿಶ್ವ ಚಾಂಪಿಯನ್ನಿಗೆ ಎದುರಾಳಿ ಯಾರು ಅಂತ ತೀರ್ಮಾನ ಮಾಡೋ ಪಂದ್ಯ. ಮೂರನೇ ಆಟದಲ್ಲಿ ಪೆಟ್ರೋಸಿಯನ್ ಪೊಸಿಷನ್ನೇ ಚೆನ್ನಾಗಿತ್ತು, ಅವ್ರು ಮಾಜಿ ವಿಶ್ವ ಚಾಂಪಿಯನ್ ಬೇರೆ. ಅಲ್ಲಿ ಚೆಕ್ ಸುತ್ತೇನೂ ಇರ್ಲಿಲ್ಲ, ಕಾಯಿ ಆಚೆ ಈಚೆ ಓಡಾಡ್ತಾ ಅದೇ ಪೊಸಿಷನ್ ಬಿಟ್ಟು ಬಿಟ್ಟು ಬಂತು, ಮೂರನೇ ಸಲ ಬರ್ತಿದೆ ಅಂತ ಅವ್ರಿಗೆ ಹೊಳೀಲೇ ಇಲ್ಲ, ಫಿಷರ್ ಆರ್ಬಿಟರ್ನ ಕರೆದು ಕ್ಲೈಮ್ ಮಾಡಿ ಡ್ರಾ ತಗೊಂಡ್ರು. ಬೇಕಂತಲೇ ಹಂಗೆ ಮಾಡೋರೂ ಇದ್ದಾರೆ. 2013ರಲ್ಲಿ ಚೆನ್ನೈ ವಿಶ್ವ ಚಾಂಪಿಯನ್‌ಶಿಪ್ ಮೊದಲ ಆಟ, ಕಾರ್ಲ್‌ಸನ್ ಬಿಳಿ, ನಮ್ಮ ಆನಂದ್ ಕಪ್ಪು. ಆನಂದ್ ಕುದುರೆ ಎ5 ಸಿ4 ಅಂತ ಕುಣೀತಾ ಎದುರಿನ ಕ್ವೀನನ್ನ ಬಿ3 ಎ3 ಅಂತ ಓಡಾಡಿಸ್ತು, ಒಂದೂ ಚೆಕ್ ಇಲ್ಲದೆ 16 ನಡೆಗೆ ಡ್ರಾ. ಕಪ್ಪಲ್ಲಿ ಆಡೋನಿಗೆ ಅದು ಸಲೀಸಾದ ಅರ್ಧ ಪಾಯಿಂಟ್.

ಚೆಕ್ಕಿಂದಲೇ ಆದ ಡ್ರಾಗಳಲ್ಲಿ ನನಗೆ ತುಂಬಾ ಇಷ್ಟ ಆಗೋದು 1872ರಲ್ಲಿ ವಿಯೆನ್ನಾದಲ್ಲಿ ಹ್ಯಾಂಪೆ ಮತ್ತೆ ಮೈಟ್ನರ್ ಆಡಿದ್ದು. ಕಪ್ಪಾಡಿದ ಮೈಟ್ನರ್ ಕ್ವೀನನ್ನೇ ಕೊಟ್ಟು ಬಿಳಿ ರಾಜನ್ನ ಬೋರ್ಡ್ ತುಂಬಾ ನಡೆಸ್ಕೊಂಡು ಬಂದು ಸಿ6 ತನಕ ತರ್ತಾರೆ, ಅಂದ್ರೆ ತನ್ನ ರಾಜನ ಬಾಗಿಲಿಗೇ. ಅಲ್ಲಿಂದ ಒಂಟೆ ಬಿ7ಕ್ಕೆ ಬಂದು ಚೆಕ್, ಬಿಳಿ ರಾಜ ಬಿ5, ಒಂಟೆ ಎ6ಕ್ಕೆ ಚೆಕ್, ರಾಜ ಸಿ6, ಮತ್ತೆ ಬಿ7. ಬಿ7ರ ಒಂಟೆಗೆ ಕಾವಲೇ ಇಲ್ಲ, ಬಿಟ್ಟಿ ನಿಂತಿದೆ, ತಿಂದ್ಬಿಡೋಣ ಅಂತ ಕೈ ಹಾಕಿದ್ರೆ ಸ್ವಲ್ಪದ್ರಲ್ಲೇ ಕಪ್ಪು ಆನೆ ಬಂದು ಮೇಟ್. ಅಷ್ಟೊಂದು ಕಾಯಿ ಜಾಸ್ತಿ ಇಟ್ಕೊಂಡ ಬಿಳಿ ಸುಮ್ನೆ ಡ್ರಾ ಒಪ್ಕೋಬೇಕಾಯ್ತು. ಪೂರ್ತಿ ಆಟ ಹದಿನೆಂಟು ನಡೆ, ಮನೇಲಿ ಕೂತು ಮಗನ ಜೊತೆ ಆಡಿ ನೋಡಿ.

ನ್ಯಾಯದ ಮಾತು. ನೀವು ಚೀನಾದ ಶಿಯಾಂಗ್‌ಚಿ ಆಡೋರಾಗಿದ್ರೆ ನಿಮ್ಮ ವಾದ ಗೆಲ್ತಿತ್ತು, ಅಲ್ಲಿ ಸುಮ್ನೆ ಚೆಕ್ ಮೇಲೆ ಚೆಕ್ ಕೊಟ್ಕೊಂಡು ಕೂರೋ ಹಂಗಿಲ್ಲ, ಕೊಡೋನೇ ದಾರಿ ಬದಲಾಯಿಸ್ಬೇಕು, ಇಲ್ಲ ಸೋತ. ಜಪಾನಿನ ಶೋಗಿಲೂ ಬರೀ ಚೆಕ್ಕಿಂದ ಅದೇ ಪೊಸಿಷನ್ ನಾಲ್ಕನೇ ಸಲ ತಂದ್ರೆ ತಂದೋನಿಗೇ ಸೋಲು. ಹಂಗಾಗಿ ಇದು ನ್ಯಾಯ ಅಲ್ಲ ಅನ್ಸಿದ್ದು ನಿಮಗೊಬ್ರಿಗೇ ಅಲ್ಲ, ಅಷ್ಟು ದೊಡ್ಡ ಆಟಗಳೇ ಹಂಗೆ ತೀರ್ಮಾನ ಮಾಡ್ಕೊಂಡಿವೆ. ಆದ್ರೆ ನಮ್ಮ ಚೆಸ್ಸಲ್ಲಿ ಇದನ್ನ ಇಟ್ಕೊಂಡಿರೋದೇ ವಾಸಿ ಅಂತ ನನ್ನ ಅಭಿಪ್ರಾಯ. ಇದು ಇಲ್ಲದಿದ್ರೆ ಕಾಯಿ ಜಾಸ್ತಿ ಆದೋನು ತನ್ನ ರಾಜನ ಕಡೆ ತಿರುಗಿಯೂ ನೋಡ್ತಿರ್ಲಿಲ್ಲ, ತಿನ್ನೋದು ತಿನ್ನೋದು ಅಷ್ಟೇ ಆಗ್ತಿತ್ತು. ಸೋಲೋನಿಗೂ ಕೊನೇ ತನಕ ತಲೆ ಓಡಿಸೋಕೆ ಕಾರಣ ಇರಲ್ಲ. ಸ್ಟೇಲ್‌ಮೇಟ್ ಬಗ್ಗೆ ನನಗೆ ಇಷ್ಟು ಗಟ್ಟಿ ಅಭಿಪ್ರಾಯ ಇಲ್ಲ, ಅದು ಬೇರೆ ವಿಷಯ, ಅಲ್ಲಿ ಚೆಕ್ಕೇ ಇರಲ್ಲ, ಆಡೋಕೆ ನಡೆ ಇರಲ್ಲ.

ಗೆಲ್ತಿರೋನು ಏನು ಮಾಡ್ಬೇಕಿತ್ತು? ಎ3 ಪಾನ್ ಬೇಕೇ ಬೇಕು ಅಂತಿದ್ರೆ ಆನೆಯಿಂದ ತಿನ್ಬೇಕಿತ್ತು. ಡಿ6ರ ಕ್ವೀನ್ ಆ ಆನೆಗೆ ಕಾವಲೂ ಆಗ್ತಿತ್ತು, ಆರನೇ ಸಾಲಲ್ಲಿ ನಿಂತು ಜಿ6ನ್ನೂ ಕಾಯ್ತಿತ್ತು. ಬಿಳಿ ಜಿ5 ಚೆಕ್ ಕೊಟ್ರೆ ಕ್ವೀನ್ ಜಿ6ಕ್ಕೆ ಬಂದು ಎದುರು ನಿಲ್ಲುತ್ತೆ, ಬದಲಾಯಿಸ್ಕೊಳ್ಳೋಣ ಬಾ ಅಂತ. ಆನೆ ಜಾಸ್ತಿ ಇರೋನಿಗೆ ಕ್ವೀನ್ ಬದಲಾಯ್ತು ಅಂದ್ರೆ ಹಬ್ಬ, ಕ್ವೀನ್ ಇಲ್ಲದ ಮೇಲೆ ಚೆಕ್ ಸುತ್ತು ಎಲ್ಲಿಂದ ಬರುತ್ತೆ. ಬಿಳಿ ಬದಲಾಯಿಸದೆ ಡಿ8, ಡಿ4 ಅಂತ ಇನ್ನೊಂದೆರಡು ಚೆಕ್ ಕೊಡ್ಬಹುದು, ಕೊಡ್ಲಿ ಬಿಡಿ, ಮೊದ್ಲನೇದಕ್ಕೆ ರಾಜ ಜಿ7, ಎರಡನೇದಕ್ಕೆ ಎಫ್ ಪಾನೋ ಕ್ವೀನೋ ಅಡ್ಡ ಬರುತ್ತೆ, ಕ್ವೀನ್ ಪಕ್ಕದಲ್ಲೇ ಇದ್ದಾಗ ಉಸಿರು ಕಟ್ಟಲ್ಲ. ನಮ್ಮ ಮಕ್ಕಳಿಗೆ ಕಾಯಿ ತಿನ್ನೋದು ಹೇಳ್ಕೊಡ್ತೀವಿ, ಮೇಟ್ ಮಾಡೋದು ಹೇಳ್ಕೊಡ್ತೀವಿ, ಗೆಲ್ಲೋ ಪೊಸಿಷನ್ನಲ್ಲಿ ಎದುರಿನೋನಿಗೆ ಎಷ್ಟು ಚೆಕ್ ಇದಾವೆ, ಒಂದೊಂದಕ್ಕೂ ನನ್ನ ಉತ್ತರ ಏನು ಅಂತ ನಡೆಗೂ ಮುಂಚೆ ನೋಡೋ ಅಭ್ಯಾಸ ಮಾತ್ರ ಹೇಳ್ಕೊಡಲ್ಲ, ಇದರಲ್ಲಿ ನಾವು ಕೋಚುಗಳದ್ದೇ ತಪ್ಪು ಜಾಸ್ತಿ.

ಅದಕ್ಕೆ ಒಂದು ಕೆಲಸ ಮಾಡಿ. ಈ ವಾರ ಮನೇಲಿ ಅದೇ ಪೊಸಿಷನ್ ಇಡಿ, ಮಗ ಕಪ್ಪು, ನೀವು ಬಿಳಿ. ಮೊದಲು ಕ್ವೀನಿಂದ ಎ3 ತಿಂದು ಚೆಕ್ ತಪ್ಪಿಸ್ಕೋ ನೋಡೋಣ ಅನ್ನಿ, ನೀವು ಜಿ5, ಎಫ್6, ಡಿ8 ಈ ಮೂರು ಮನೆ ಬಿಟ್ಟು ಆಚೆ ಹೋಗ್ಬೇಡಿ. ಆಮೇಲೆ ಆನೆಯಿಂದ ತಿಂದು ಆಡ್ಸಿ. ಅದಾದ್ಮೇಲೆ ಬಣ್ಣ ಬದಲಾಯಿಸಿ ಅವ್ನಿಗೆ ಬಿಳಿ ಕೊಡಿ, ಏಳನೇ ಚೆಕ್ ಬರ್ದು ಕ್ವೀನ್ ಮುಟ್ಟದೆ ನಿಮ್ಮನ್ನ ಆರ್ಬಿಟರ್ ಅಂತ ಕರೀತಾನಾ ಅಂತ ನೋಡಿ. ಹಾಂ, ಮುಂದಿನ ಸಲ ಶೀಟಿನ ಫೋಟೋ ಬೆಳಕಲ್ಲಿ ತೆಗೆದು ಕಳ್ಸಿ, ಎಫ್6ಓ ಎಫ್8ಓ ಅಂತ ಗೊತ್ತಾಗ್ದೆ ಪೂರ್ತಿ ಆಟ ಎರಡು ಸಲ ಆಡ್ಕೊಂಡು ನೋಡ್ಬೇಕಾಯ್ತು.